ರೌಂಡಿಗೊಂದು ಮಾತು

ನಾನು ಮೊದಲ ಸಲ ಟ್ರಯಥ್ಲಾನ್ ಮುಗಿಸಿದ್ದು ಜೀಪಿನಲ್ಲಿ ಕೂತು. ಕೆರೆಯಲ್ಲಿ ಎರಡು ಕಿಲೋಮೀಟರಿನಷ್ಟು ಈಜಿ, ದಡಕ್ಕೆ ಬಂದು ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಅದಾದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಎಲ್ಲ ಸೇರಿ ಎಂಟೂವರೆ ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೂ ಲೆಕ್ಕಕ್ಕಿಲ್ಲ. ಈಜು ಸಲೀಸಾಗಿ ಆಯಿತು, ಸೈಕಲ್ಲೂ ಆಯಿತು. ಓಟ ಅರ್ಧಕ್ಕೆ ಬರುವಷ್ಟರಲ್ಲಿ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಕೊನೆಯ ಕಮಾನು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಬ್ಬರು ಸೀಟಿ ಊದಿಕೊಂಡು ಬಂದು, ಟೈಮಾಯ್ತು ಮೇಡಂ, ಗಾಡಿ ಹತ್ತಿ ಅಂದರು. ಬೀದಿನಾಯಿ ಹಿಡಿಯುವ ಗಾಡಿಗೆ ಹತ್ತಿಸಿದ ಹಾಗೆ ಕಂಬಿ ಹಿಡಿದುಕೊಂಡು ಕೂತೆ. ಕಮಾನಿನ ಕೆಳಗೆ ನನ್ನ ಗಂಡ ಸುಲಿದ ಬಾಳೆಹಣ್ಣು ಹಿಡಿದು, ನಾನು ಓಡಿ ಬರಬೇಕಾದ ದಾರಿಯನ್ನೇ ನೋಡುತ್ತಾ ನಿಂತಿದ್ದರು. ಜೀಪು ಅವರ ಬೆನ್ನ ಹಿಂದಿನಿಂದ ಬಂತು.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಆವತ್ತು ಡ್ರೈವರ್ ಮೇಲೆ ಬಂತು, ಸೀಟಿಯವರ ಮೇಲೆ ಬಂತು, ಬಾಳೆಹಣ್ಣಿನ ಮೇಲೂ ಬಂತು. ಮನೆಗೆ ಬಂದ ಮೇಲೂ ಒಂದು ವಾರ ಮೂಗಿನ ತುದಿಯಲ್ಲೇ ಕೂತಿತ್ತು. ಕೊನೆಗೆ ನನ್ನ ಗಂಡ ಬೇಸತ್ತು, ಇನ್ನೊಂದೇ ಒಂದು ಸಲ ಹೋಗು, ಆಗಲಿ ಬಿಡಲಿ ಆಮೇಲೆ ಈ ಹುಚ್ಚು ಬಿಟ್ಟುಬಿಡಬೇಕು ಎಂದರು. ನಾನೂ ಒಪ್ಪಿಕೊಂಡೆ. ನಲವತ್ತೇಳರ ವಯಸ್ಸಿನಲ್ಲಿ ಮನೆ, ಅಂಗಡಿ, ಅತ್ತೆ ಎಲ್ಲವನ್ನೂ ನಿಭಾಯಿಸಿಕೊಂಡು ವರ್ಷ ವರ್ಷ ಬೆಳಗಿನ ಹೊತ್ತನ್ನೆಲ್ಲ ಇದಕ್ಕೇ ಸುರಿಯಲಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಉಳಿದದ್ದು ಒಂದು ಅವಕಾಶ. ಆ ಕಮಾನಿನ ಕೆಳಗೆ ನನ್ನ ಕಾಲ ಮೇಲೆ ನಾನು ಹೋಗಬೇಕಿತ್ತು, ಅಷ್ಟೇ.

ನಮ್ಮದು ಹನುಮಂತನಗರದಲ್ಲಿ ಮನೆ, ಗುಡ್ಡದ ಗುಡಿಯ ಮೆಟ್ಟಿಲಿಗೆ ಎರಡು ರಸ್ತೆ ಈಚೆ. ನಮ್ಮ ಮಾವ ಕನಕಪುರದ ಕಡೆಯ ಹಳ್ಳಿಯಿಂದ ಬಂದು ಉಪ್ಪಾರಪೇಟೆಯಲ್ಲಿ ಟ್ರಂಕು ಮಾರುವ ಅಂಗಡಿಗೆ ಕೆಲಸಕ್ಕೆ ಸೇರಿ, ಆಮೇಲೆ ತಮ್ಮದೇ ಸೂಟ್‌ಕೇಸ್ ಅಂಗಡಿ ಮಾಡಿದವರು. ಅವರು ತೀರಿಕೊಂಡು ಕೆಲವು ವರ್ಷವಾಯಿತು. ಅಂಗಡಿಯನ್ನು ಈಗ ನನ್ನ ಗಂಡ ನೋಡಿಕೊಳ್ಳುತ್ತಾರೆ, ಮಧ್ಯಾಹ್ನದ ಮೇಲೆ ನಾನೂ ಹೋಗಿ ಕೂರುತ್ತೇನೆ. ಅತ್ತೆ ಇದ್ದಾರೆ, ಗಟ್ಟಿಯಾಗಿಯೇ ಇದ್ದಾರೆ. ನಡುಮನೆಯ ಗೋಡೆಯ ಮೇಲೆ ಅತ್ತೆ ಮಾವನ ಮದುವೆಯ ಫೋಟೋ ತೂಗುಹಾಕಿದೆ. ಅದರಲ್ಲಿ ಅತ್ತೆ ಮುಖ ಊದಿಸಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಮಾವ ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾರೆ, ಕೋಟಿನ ಎರಡೂ ಜೇಬು ಏನನ್ನೋ ತುರುಕಿದ ಹಾಗೆ ಉಬ್ಬಿವೆ. ಜೇಬಿನಲ್ಲಿ ಏನಿತ್ತು ಎಂದು ಮಕ್ಕಳು ಕೇಳಿದಾಗಲೆಲ್ಲ ಅತ್ತೆ, ನಿಮ್ಮ ತಾತನ ಬುದ್ಧಿ ಇತ್ತು ಎಂದು ಹೇಳಿ ಎದ್ದು ಹೋಗುತ್ತಿದ್ದರು. ನಾವೂ ಅದನ್ನು ಅಲ್ಲಿಗೇ ಬಿಟ್ಟಿದ್ದೆವು.

ನನ್ನ ಹುಚ್ಚು ಶುರುವಾದದ್ದು ಬೆನ್ನುನೋವಿನಿಂದ. ಡಾಕ್ಟರು ಈಜಬೇಕು ಅಂದರು, ಈಜುಕೊಳಕ್ಕೆ ಹೋದೆ. ಅಲ್ಲಿ ಈಜು ಕಲಿಸುತ್ತಿದ್ದವಳು ಮಲ್ಲೇಶ್ವರದ ಹುಡುಗಿ. ಹುಡುಗಿ ಎಂದರೆ ಮೂವತ್ತೈದು ದಾಟಿದವಳು, ನನಗಿಂತ ಚಿಕ್ಕವಳಾದ್ದರಿಂದ ಹಾಗನ್ನುತ್ತೇನೆ. ಒಂದು ವರ್ಷ ನನ್ನನ್ನು ನೀರಲ್ಲಿ ನೋಡಿ, ಅಕ್ಕಾ ನಿಮ್ಮಲ್ಲಿ ದಮ್ಮಿದೆ, ಸೈಕಲ್ ತಗೊಳಿ ಎಂದು ಕಿವಿಯಲ್ಲಿ ಊದಿದಳು. ಸೈಕಲ್ ಬಂತು. ಆಮೇಲೆ ಶೂ ಬಂತು. ಅವಳೇ ನನ್ನ ಕೋಚ್ ಆದಳು.

ಜೀಪಿನ ಪ್ರಕರಣ ಅವಳಿಗೆ ತಲೆನೋವಾಗಿತ್ತು. ನನ್ನ ಕೈಯಲ್ಲಿ ಒಂದು ಓಟದ ವಾಚ್ ಇದೆ, ಓಡಿದ ದೂರ, ವೇಗ ಎಲ್ಲವೂ ಅದರಿಂದ ಅವಳ ಫೋನಿಗೆ ಹೋಗುತ್ತದೆ. ಆ ಪ್ರಕಾರ ನಾನು ಚೆನ್ನಾಗಿಯೇ ಓಡುವವಳು. ಈ ವೇಗದಲ್ಲಿ ಓಡುವವರು ಕಾಲಾವಕಾಶ ಇನ್ನೂ ಇರುವಾಗಲೇ ಮುಗಿಸಿ, ಸ್ನಾನ ಮಾಡಿ, ಇಡ್ಲಿ ತಿನ್ನಬೇಕಿತ್ತು ಎಂದು ಅವಳು ತಲೆ ಕೆರೆದುಕೊಂಡಳು. ಊಟ ಬದಲಾಯಿಸಿದಳು, ಶೂ ಬದಲಾಯಿಸಿದಳು, ಉಪ್ಪಿನ ಮಾತ್ರೆ ಕೊಟ್ಟಳು. ಯಾವುದಕ್ಕೂ ಸಮಾಧಾನವಾಗದೆ ಒಂದು ದಿನ ಬೆಳಗ್ಗೆ ಮೊದಲ ಮೆಟ್ರೋ ಹಿಡಿದು ನಮ್ಮ ಕಡೆಗೇ ಬಂದಳು. ಇವತ್ತು ನಿಮ್ಮ ಜೊತೆ ನಾನೂ ಓಡುತ್ತೇನೆ ಎಂದಳು.

ಮನೆಯಿಂದ ಹೊರಟು ಹಾಲಿನ ಬೂತ್ ಹತ್ತಿರ ಬಂದೆವು. ಅಲ್ಲಿ ನನ್ನ ಓರಗಿತ್ತಿಯ ಅಕ್ಕ ಸಿಕ್ಕರು. ನನ್ನ ಹೆಬ್ಬೆರಳು ತಾನಾಗಿಯೇ ವಾಚಿನ ಬಲಗಡೆಯ ಗುಂಡಿ ಒತ್ತಿತು, ವಾಚ್ ನಿಂತಿತು, ನಾನೂ ನಿಂತೆ. ಅವರ ಮಗಳಿಗೆ ಗಂಡು ಗೊತ್ತಾಗಿರುವ ಸುದ್ದಿ ಕೇಳಿ, ಗುಂಡಿ ಒತ್ತಿ, ಮತ್ತೆ ಓಡಿದೆ. ಗಾಂಧಿ ಬಜಾರಿನಲ್ಲಿ ಹೂವಿನಾಕೆ ಸೇವಂತಿಗೆ ಹೊಸದು ಬಂದಿದೆ ಎಂದು ಕರೆದಳು, ಗುಂಡಿ ಒತ್ತಿದೆ. ಬ್ಯೂಗಲ್ ರಾಕ್ ಪಾರ್ಕಿನ ಗೇಟಿನಲ್ಲಿ ವಾಕಿಂಗ್ ಮುಗಿಸಿದ ಹಿರಿಯರ ಗುಂಪು ಇತ್ತು. ಅವರಲ್ಲಿ ಅರ್ಧ ಜನ ಮಾವನ ಪರಿಚಯದವರು, ಹಾಗೇ ಓಡಿಹೋಗುವುದು ಹೇಗೆ? ನಿಂತು, ಬೆವರು ಒರೆಸಿಕೊಂಡು, ಅತ್ತೆಯ ಮಂಡಿನೋವಿನ ವರದಿ ಕೊಟ್ಟೆ. ಎನ್.ಆರ್. ಕಾಲೋನಿಯ ಮೂಲೆಮನೆಯ ಕಲ್ಲುಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು. ಅವರು ರಿಟೈರ್ಡ್ ಹೆಡ್‌ಮಾಸ್ಟರ್, ನನ್ನ ಗಂಡನಿಗೆ ಕಲಿಸಿದವರು, ಮಾವನ ಸ್ನೇಹಿತರು, ಎಂಬತ್ತು ದಾಟಿದವರು. ಅವರ ಹತ್ತಿರ ನಿಂತರೆ ಎರಡು ಮಾತಿನಲ್ಲಿ ಮುಗಿಯುವುದಿಲ್ಲ. ಆವತ್ತು ಅವರು ಕೋಚನ್ನೂ ಕೂರಿಸಿಕೊಂಡು ಮಲ್ಲೇಶ್ವರದ ಯಾವ ಕ್ರಾಸು, ಯಾರ ಮನೆ ಎಂದೆಲ್ಲ ವಿಚಾರಿಸಿದರು.

ಕಾಫಿ ಕುಡಿದು ಹೊರಟ ಮೇಲೆ ಕೋಚ್ ನನ್ನ ಮಣಿಕಟ್ಟು ಹಿಡಿದು ವಾಚ್ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕಾ, ನೀವು ಓಡ್ತಾನೇ ಇಲ್ಲ. ಮನೆಮನೆಗೂ ಹೋಗಿ ಅರಿಶಿನ ಕುಂಕುಮಕ್ಕೆ ಕರೆದು ಬರ್ತಿದೀರ."

ನನಗೆ ರೇಗಿತು. ವಾಚ್ ನಿಲ್ಲಿಸುತ್ತೇನಲ್ಲ, ಮಾತಾಡಿದ ಹೊತ್ತನ್ನು ಓಟಕ್ಕೆ ಸೇರಿಸಿ ಮೋಸ ಮಾಡಿಲ್ಲವಲ್ಲ ಎಂದೆ. ಅದೇ ಕಷ್ಟ ಎಂದಳು. ನಿಂತಾಗಲೆಲ್ಲ ಕಾಲಿಗೆ ಜೀವ ಬರುತ್ತದೆ, ಮತ್ತೆ ಹೊಸದಾಗಿ ಓಡುತ್ತೀರಿ, ವಾಚ್ ಆ ಹೊಸ ಓಟಗಳನ್ನು ಒಂದಕ್ಕೊಂದು ಅಂಟಿಸಿ ತೋರಿಸುತ್ತದೆ. ನಿಲ್ಲದೆ ಓಡುವುದು ಅಂದರೆ ಏನೆಂದು ನಿಮ್ಮ ಕಾಲಿಗೆ ಇನ್ನೂ ಗೊತ್ತೇ ಇಲ್ಲ ಎಂದಳು. ಈಜು ಯಾಕೆ ಚೆನ್ನಾಗಿ ಬಂತು ಎಂದು ಆಗ ಹೊಳೆಯಿತು: ನೀರಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಸೈಕಲ್ ಮೇಲೆ ಹೆಲ್ಮೆಟ್, ಕನ್ನಡಕ ಹಾಕಿದರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಓಡುವಾಗ ಮಾತ್ರ ನಾನು ಇಡೀ ಬಸವನಗುಡಿಗೆ ಸೊಸೆ. ನಮ್ಮ ಮಲ್ಲೇಶ್ವರದಲ್ಲಿ ಇಷ್ಟಿಲ್ಲಪ್ಪ ಎಂದು ಅವಳು ಸೇರಿಸಿದಳು. ಅದನ್ನು ನಾನು ಇವತ್ತಿಗೂ ನಂಬುವುದಿಲ್ಲ.

ಇನ್ನು ಮೇಲೆ ಗುಂಡಿ ಒತ್ತುವ ಹಾಗಿಲ್ಲ ಎಂದು ಅಪ್ಪಣೆಯಾಯಿತು. ಬೇರೆ ಕಡೆ ಹೋಗಿ ಓಡೋಣವೆಂದರೆ ಹೋಗಿಬರುವುದಕ್ಕೇ ಬೆಳಗು ಮುಗಿಯುತ್ತದೆ. ಮನೆಯಲ್ಲಿ ಅತ್ತೆಗೆ ತಿಂಡಿ, ಮಾತ್ರೆ, ಎಲ್ಲ ಹೊತ್ತಿಗೆ ಸರಿಯಾಗಿ ಆಗಬೇಕು. ಹಾಗಾಗಿ ಅದೇ ರಸ್ತೆಗಳಲ್ಲಿ ನಿಲ್ಲದೆ ಓಡಲು ಶುರುಮಾಡಿದೆ. ದೂರದಿಂದಲೇ ಕೈಮುಗಿದು, ಹಲ್ಲುಕಿರಿದು ಮುಂದೆ ಹೋಗುವುದು. ಮೊದಲ ದಿನ ಮೇಷ್ಟ್ರು ಕಲ್ಲುಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿದ್ದನ್ನು ಕಂಡೂ ಓಡಿಬಿಟ್ಟೆ. ಎರಡನೆಯ ದಿನವೂ ಅವರು ಸರಿದು ಜಾಗ ಮಾಡಿದರು. ಮೂರನೆಯ ದಿನ ಪೇಪರ್ ಅಡ್ಡ ಹಿಡಿದುಕೊಂಡಿದ್ದರು.

ವಾರ ಕಳೆಯುವುದರೊಳಗೆ ಸುದ್ದಿ ಮನೆಗೆ ಬಂತು. ಬರುವ ಮೊದಲು ಊರೆಲ್ಲ ಸುತ್ತಿ, ಸಾಕಷ್ಟು ಉಪ್ಪುಖಾರ ಹಚ್ಚಿಕೊಂಡೇ ಬಂತು. ಆವತ್ತು ಸಂಜೆ ನಾನೂ ಅತ್ತೆಯೂ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆವು. ಅತ್ತೆಯ ಪಾತ್ರೆ ತುಂಬುವ ವೇಗ ನೋಡಿಯೇ ಏನೋ ಇದೆ ಎಂದುಕೊಂಡೆ. ಗುಡಿಯಲ್ಲಿ ಮೇಷ್ಟ್ರು ಸಿಕ್ಕಿದ್ದರಂತೆ. ನಿಮ್ಮ ಸೊಸೆಗೆ ನನ್ನ ಮೇಲೆ ಏನಾದರೂ ಬೇಜಾರಾ ಎಂದು ಕೇಳಿದರಂತೆ. ಪಾರ್ಕಿನವರು ಅಂಗಡಿ ಜೋರಾಗಿ ನಡೀತಿದೆ ಅಂತ ಕಾಣುತ್ತೆ ಎಂದರಂತೆ. ಈ ಮನೆಯವರು ಯಾರನ್ನೂ ಮಾತಾಡಿಸದೆ ಹೋದವರಲ್ಲ, ನಿನ್ನಿಂದ ಆ ಹೆಸರೂ ಬಂತು ಎಂದು ಅತ್ತೆ ಅವರೆಕಾಳಿಗೆ ಹೇಳಿದ ಹಾಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಈ ಮಾತಾಡಿಸುವುದರಿಂದಲೇ ನಾನು ಸೋತದ್ದು ಎಂದು ಕೂಗಿದೆ. ಜೀಪಿನ ವಿಷಯ ಅತ್ತೆಗೆ ಅಷ್ಟಾಗಿ ಗೊತ್ತಿರಲಿಲ್ಲ. ಪೂರ್ತಿ ಆಗಲಿಲ್ಲವಂತೆ, ಸುಸ್ತಾಯಿತಂತೆ ಎಂದಷ್ಟೇ ತಿಳಿದಿದ್ದರು. ಕಮಾನು ಕಾಣುತ್ತಿತ್ತು, ಅಷ್ಟು ಹತ್ತಿರದಲ್ಲಿ ಹಿಡಿದು ಗಾಡಿಗೆ ಹತ್ತಿಸಿದರು, ನಿಮ್ಮ ಮಗ ಆ ಕಡೆ ನೋಡುತ್ತಾ ನಿಂತಿದ್ದರು, ನನ್ನನ್ನು ಅವರ ಹಿಂದೆ ತಂದು ಇಳಿಸಿದರು ಎಂದು ಎಲ್ಲವನ್ನೂ ಹೇಳುತ್ತಾ ಹೋದೆ. ಹೇಳುತ್ತಾ ಸಿಟ್ಟು ಮುಗಿದು, ಅಷ್ಟು ದಿನದಿಂದ ಬಾರದ ಅಳು ಬಂತು. ಅವರೆಸೊಗಡಿನ ಕೈಯಲ್ಲಿ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿಯಿತು.

ಅತ್ತೆ ಸಮಾಧಾನ ಮಾಡಲಿಲ್ಲ. ಹೊತ್ತು ಮೀರಿತು ಅಂದರಾ ಎಂದು ಕೇಳಿದರು. ಹೌದು ಎಂದೆ. ಎಷ್ಟು ಮೀರಿತ್ತು ಎಂದು ಕೇಳಿದರು. ಮೀರಿತ್ತು, ಎಷ್ಟಾದರೇನು ಎಂದೆ. ಆಮೇಲೆ ಉಳಿದ ಕಾಳನ್ನೆಲ್ಲ ಅವರು ತಾವೇ ಹಿತುಕಿದರು.

ಮಾರನೆಯ ಬೆಳಗ್ಗೆ ನಾನು ಮೇಷ್ಟ್ರ ಮೂಲೆಗೆ ಬರುವಷ್ಟರಲ್ಲಿ ಕಲ್ಲುಬೆಂಚಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ನಮ್ಮ ಅತ್ತೆ, ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಕಟ್ಟಿಕೊಂಡು. ಆಟೋ ಮಾಡಿಕೊಂಡು ನನಗಿಂತ ಮೊದಲೇ ಬಂದಿದ್ದರು. ನಾನು ಗಾಬರಿಯಾಗಿ ನಿಲ್ಲಲು ಹೋದೆ.

"ನಿಲ್ಬೇಡ," ಎಂದರು. "ಈ ಬ್ಲಾಕನ್ನೇ ಸುತ್ತು ಹಾಕು. ರೌಂಡಿಗೆ ಒಂದು ಮಾತು. ಮೇಷ್ಟ್ರು ಆಡ್ತಾರೆ, ನೀನು ಕೇಳ್ಕೊಂಡು ಹೋಗು. ಮಾತಾಡ್ಸಿದ ಹಾಗೂ ಆಯ್ತು, ಓಡಿದ ಹಾಗೂ ಆಯ್ತು."

ಹೀಗೆ ಶುರುವಾಯಿತು. ಆ ಬ್ಲಾಕು ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹೋಗುವಾಗ ಸಣ್ಣ ಏರು, ಬರುವಾಗ ಇಳಿಜಾರು, ನಡುವೆ ಎರಡು ಹೊಂಗೆ ಮರ, ಒಂದು ಹಂಪ್. ಮೇಷ್ಟ್ರು ಮೊದಲ ದಿನ ಸ್ವಲ್ಪ ಬಿಗಿಯಾಗಿಯೇ ಇದ್ದರು. ಏನಮ್ಮ ಚೆನ್ನಾಗಿದೀಯಾ ಎನ್ನುವುದು ಒಂದು ರೌಂಡು, ನಾನು ಉತ್ತರ ಕೊಡುವುದು ಇನ್ನೊಂದು ರೌಂಡು. ಮೂರನೆಯ ದಿನಕ್ಕೆ ಅವರಿಗೆ ಇದರ ರುಚಿ ಹತ್ತಿತು. ನಲವತ್ತು ವರ್ಷ ಪಾಠ ಮಾಡಿದವರು, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಎಲ್ಲಿ ನಿಲ್ಲಿಸಿದರೆ ಮಕ್ಕಳು ನಾಳೆ ತಪ್ಪದೆ ಬರುತ್ತಾರೆ ಎಂದು ಬಲ್ಲವರು. ಕತೆ ಹೇಳಲು ಶುರುಮಾಡಿದರು. ಈ ರಸ್ತೆಯ ಬಾವಿಗೆ ಬಿದ್ದ ಎಮ್ಮೆಯ ಕತೆ, ಬಾಡಿಗೆ ಕೊಡದೆ ಗ್ರಾಮೊಫೋನ್ ಬಿಟ್ಟು ಓಡಿಹೋದವನ ಕತೆ. ಒಂದು ರೌಂಡಿಗೆ ಒಂದೇ ವಾಕ್ಯ. ಎಮ್ಮೆ ಬಾವಿಯಲ್ಲಿ ನೇತಾಡುತ್ತಿರುವಾಗ ನಾನು ಹೊಂಗೆ ಮರದ ಹತ್ತಿರ ಹೇಗೆ ನಿಧಾನ ಮಾಡಲಿ?

ಕೋಚ್‌ಗೆ ಹೇಳಿದೆ. ಅವಳು ನಕ್ಕು, ಒಂದು ಭಾನುವಾರ ಬಂದು ಮೇಷ್ಟ್ರ ಜೊತೆ ಕೂತು ಒಪ್ಪಂದ ಮಾಡಿಕೊಂಡಳು. ಜೋರಾಗಿ ಓಡಬೇಕಾದ ರೌಂಡಿನ ಕೊನೆಯಲ್ಲಿ ಮಾತ್ರ ಮಾತು, ನಿಧಾನದ ರೌಂಡಿಗೆ ಮೌನ. ಜೋರಿನ ರೌಂಡಿನಲ್ಲಿ ನಾನು ತಡಮಾಡಿ ಬಂದರೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಆಕಾಶ ನೋಡುತ್ತಿದ್ದರು, ವಾಕ್ಯ ಇಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಂದಿನ ರೌಂಡಿನಲ್ಲಿ ಹಲ್ಲು ಕಚ್ಚಿ ಓಡುತ್ತಿದ್ದೆ. ಅತ್ತೆ ಕುರ್ಚಿಯಲ್ಲಿ ಸೊಪ್ಪು ಬಿಡಿಸುತ್ತಾ, ನಾನು ಹಾದುಹೋಗುವಾಗ ತಲೆ ಎತ್ತುತ್ತಲೂ ಇರಲಿಲ್ಲ. ಎಷ್ಟು ರೌಂಡಾಯಿತು ಎಂದು ಮಾತ್ರ ಸೊಪ್ಪಿನ ಕಡ್ಡಿ ಇಟ್ಟು ಗುರುತು ಮಾಡಿಕೊಳ್ಳುತ್ತಿದ್ದರು.

ಸುದ್ದಿ ಈ ಸಲ ಬೇರೆ ಥರ ಹಬ್ಬಿತು. ಪಾರ್ಕಿನ ಹಿರಿಯರು ವಾಕಿಂಗ್ ಮುಗಿಸಿ ಅಲ್ಲಿಗೇ ಬರತೊಡಗಿದರು, ಅವರಿಗೂ ಕತೆ ಬೇಕು. ನಾನು ಬರುವವರೆಗೂ ಮೇಷ್ಟ್ರು ಅವರಿಗೂ ಮುಂದಿನ ವಾಕ್ಯ ಹೇಳುತ್ತಿರಲಿಲ್ಲವಾದ್ದರಿಂದ ಎಲ್ಲರೂ ನನಗೇ ಬೇಗ ಬಾಮ್ಮ ಎಂದು ಗದರುತ್ತಿದ್ದರು. ಆ ಚಳಿಗಾಲದ ಬೆಳಗುಗಳಲ್ಲಿ ನಾನು ತುಂಬ ಸುಖವಾಗಿದ್ದೆ. ಕಾಲು ನೋಯುತ್ತಿತ್ತು, ಉಗುರು ಕಪ್ಪಾಗಿತ್ತು, ಆದರೂ ಸುಖವಾಗಿದ್ದೆ. ಹೆಬ್ಬೆರಳು ವಾಚಿನ ಗುಂಡಿಯನ್ನು ಮರೆಯಿತು.

ಸ್ಪರ್ಧೆಗೆ ಹದಿನೈದು ದಿನ ಇರುವಾಗ ಮೇಷ್ಟ್ರು ಒಂದು ಮದುವೆಯ ಕತೆ ತೆಗೆದರು. ತಮ್ಮ ಕಾಲದ್ದು, ಚಾಮರಾಜಪೇಟೆಯ ಛತ್ರದಲ್ಲಿ ಬೆಳಗಿನ ಮುಹೂರ್ತ ಎಂದರು ಒಂದು ರೌಂಡಿನಲ್ಲಿ. ಗಂಡಿನ ಕಡೆಯವರು ಮೆಜೆಸ್ಟಿಕ್ ಹತ್ತಿರದ ಲಾಡ್ಜಿನಲ್ಲಿ ಇಳಿದಿದ್ದರು ಎಂದರು ಇನ್ನೊಂದರಲ್ಲಿ. ಗಂಡು, ನೀವೆಲ್ಲ ನಡೀರಿ, ನಾನು ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಎಂದು ನೆಂಟರನ್ನು ಬಸ್ಸು ಹತ್ತಿಸಿದ. ಮುಹೂರ್ತ ಹತ್ತಿರ ಬಂತು, ಗಂಡು ಬರಲಿಲ್ಲ. ಛತ್ರದಲ್ಲಿ ಗುಸುಗುಸು ಎದ್ದಿತು, ಹುಡುಗ ಓಡಿಹೋದ ಎಂದು. ಇಷ್ಟು ಹೇಳುವಷ್ಟರಲ್ಲಿ ಕೋಚ್, ಇನ್ನು ಸ್ಪರ್ಧೆಯ ತನಕ ಜೋರಾಗಿ ಓಡುವ ಹಾಗಿಲ್ಲ, ಕಾಲಿಗೆ ವಿಶ್ರಾಂತಿ ಬೇಕು ಎಂದುಬಿಟ್ಟಳು. ಕತೆ ಅಲ್ಲಿಗೇ ನಿಂತಿತು. ನಾನು ಸಂಜೆ ಸೀರೆ ಉಟ್ಟುಕೊಂಡು, ಕೋಡುಬಳೆ ಡಬ್ಬಿ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋಗಿ ಗಂಡು ಎಲ್ಲಿ ಹೋದ ಎಂದು ಕೇಳಿದೆ. ಅವರು ಕೋಡುಬಳೆ ತಿಂದು, ಓಡದೆ ಇದ್ದರೆ ಕತೆ ಇಲ್ಲವಲ್ಲಮ್ಮ ಎಂದರು. ನನ್ನ ಜೊತೆ ಬಂದು ಒಳಗೆ ಮೇಷ್ಟ್ರ ಹೆಂಡತಿಯ ಹತ್ತಿರ ಮಾತಾಡುತ್ತಿದ್ದ ಅತ್ತೆ ಕೆಮ್ಮಿದ ಹಾಗೆ ಕೇಳಿಸಿತು.

ಸ್ಪರ್ಧೆ ಹೋದ ಸಲದ ಕೆರೆಯಲ್ಲೇ, ಮೈಸೂರಿನಿಂದ ಆಚೆ. ಈ ಸಲ ಅತ್ತೆಯೂ ಹೊರಟರು. ಮಂಡಿನೋವು, ಬಿಸಿಲು, ಏನು ಹೇಳಿದರೂ ಕೇಳಲಿಲ್ಲ. ಮಡಚುವ ಕುರ್ಚಿ, ಛತ್ರಿ, ಪುಳಿಯೋಗರೆ ಎಲ್ಲವೂ ಹಿಂದಿನ ದಿನವೇ ಕಾರಿಗೆ ಹೋಗಿದ್ದವು. ಬೆಳಗ್ಗೆ ನೀರು ತಣ್ಣಗಿತ್ತು, ಈಜು ಮುಗಿಯಿತು. ಸೈಕಲ್ ಹೊತ್ತಿನಲ್ಲಿ ಎದುರುಗಾಳಿ ಸಿಕ್ಕು ಅಂದುಕೊಂಡದ್ದಕ್ಕಿಂತ ತಡವಾಯಿತು. ಸೈಕಲ್ ಇಟ್ಟು ಶೂ ಕಟ್ಟಿಕೊಳ್ಳುವಾಗಲೇ ಗೊತ್ತಾಯಿತು: ಹೋದ ಸಲದ ಹಾಗೆ ಓಡಿದರೆ ಮತ್ತೆ ಜೀಪೇ.

ಓಟ ಕೆರೆ ಏರಿಯ ಮೇಲೆ, ಪಕ್ಕದ ಹಳ್ಳಿಯ ರಸ್ತೆಯ ಮೇಲೆ ನಾಲ್ಕು ಸುತ್ತು. ಪ್ರತಿ ಸುತ್ತೂ ಕಮಾನಿನ ಹತ್ತಿರದ ತಿರುವಿಗೆ ಬರುತ್ತದೆ; ಮೂರು ಸಲ ಬಲಕ್ಕೆ ತಿರುಗಿ ಮತ್ತೆ ಓಡಬೇಕು, ನಾಲ್ಕನೆಯ ಸಲ ನೇರ ಕಮಾನಿಗೆ. ಮೊದಲ ಸುತ್ತು ಮುಗಿಸಿ ಬಂದಾಗ ತಿರುವಿನಲ್ಲಿ ಛತ್ರಿ ಕಂಡಿತು. ಛತ್ರಿಯ ಕೆಳಗೆ ಅತ್ತೆ ಕುರ್ಚಿಯಲ್ಲಿ ಕೂತಿದ್ದರು, ಹಿಂದೆ ನನ್ನ ಗಂಡ ನಿಂತಿದ್ದರು. ಏನಾದರೂ ಧೈರ್ಯದ ಮಾತು ಹೇಳುತ್ತಾರೆ ಎಂದುಕೊಂಡೆ.

"ಹುಡುಗಿ ಅಪ್ಪ, ಹುಡುಗನ್ನ ಹುಡುಕೋಕೆ ಅವನ ಸ್ನೇಹಿತನ್ನೇ ಕಳಿಸ್ದ," ಎಂದರು ಅತ್ತೆ.

ನನಗೆ ನಗು ಬಂದು ಉಸಿರು ತಪ್ಪಿತು. ಮೇಷ್ಟ್ರು ಕತೆಯನ್ನು ಅತ್ತೆಯ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಎರಡನೆಯ ಸುತ್ತಿನಲ್ಲಿ ಬಿಸಿಲು ನೆತ್ತಿಗೆ ಬಂತು. ಡಾಂಬರಿನ ಕಾವು ಶೂ ದಾಟಿ ಬರುತ್ತಿತ್ತು. ನನ್ನ ಜೊತೆ ಓಡುತ್ತಿದ್ದವರು ಒಬ್ಬೊಬ್ಬರೇ ನಡೆಯತೊಡಗಿದರು. ನಾನು ಎರಡು ಹೊಂಗೆ ಮರ, ಒಂದು ಹಂಪ್ ಎಂದು ಮನಸ್ಸಿನಲ್ಲೇ ನಮ್ಮ ಬ್ಲಾಕನ್ನು ಸುತ್ತುತ್ತಾ ಬಂದೆ. ತಿರುವಿನಲ್ಲಿ ಅತ್ತೆ ಹೇಳಿದರು: ಹುಡುಗ ಕಾಟನ್‌ಪೇಟೆಯಲ್ಲಿ ಸಿಕ್ಕನಂತೆ, ದಾರಿಯ ಅಂಗಡಿಯವರೆಲ್ಲ ಅವನ ಪರಿಚಯದವರಂತೆ, ಮದುವೆಗಂಡು ಬಂದ ಎಂದು ಕರೆದವರ ಅಂಗಡಿಗೆಲ್ಲ ಹತ್ತಿ ಮಾತಾಡಿಸಿಕೊಂಡು ಬರುತ್ತಿದ್ದನಂತೆ.

ಮೂರನೆಯ ಸುತ್ತು ನನ್ನನ್ನು ಹಿಂಡಿಹಾಕಿತು. ತೊಡೆ ಮರಗಟ್ಟಿತು, ಕಣ್ಣ ಮುಂದೆ ಮಿಣುಕುಹುಳು. ನೀರಿನ ಟೇಬಲ್ಲಿನ ಹತ್ತಿರ ನಿಂತುಬಿಡೋಣ ಅನ್ನಿಸಿತು. ನಿಂತರೆ ಈ ಕಾಲು ಮತ್ತೆ ಏಳುವುದಿಲ್ಲ ಎಂದು ಈಗ ಗೊತ್ತಿತ್ತು. ತಲೆಗೆ ನೀರು ಸುರಿದುಕೊಂಡು ಹಾಗೇ ಹೋದೆ. ತಿರುವಿನಲ್ಲಿ ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

"ಅಂಗಡಿಯೋರೆಲ್ಲ ಒಂದೊಂದು ನಿಂಬೆಹಣ್ಣು ಕೊಟ್ಟು ಹರಸಿದ್ರು. ಕೋಟಿನ ಎರಡೂ ಜೇಬಲ್ಲಿ ತುಂಬ್ಕೊಂಡು ಬಂದ."

ನಡುಮನೆಯ ಫೋಟೋ ಕಣ್ಣೆದುರು ಬಂತು. ಮಾವನ ನಗು, ಉಬ್ಬಿದ ಜೇಬು, ಪಕ್ಕದಲ್ಲಿ ಊದಿಕೊಂಡ ಮುಖ. ನಾನು ಓಡುತ್ತಲೇ ಹಿಂದಕ್ಕೆ ತಿರುಗಿ, ಮುಹೂರ್ತ ಸಿಕ್ಕಿತಾ ಎಂದು ಕೇಳಿದೆ. ಅದನ್ನು ಅಲ್ಲಿ ಹೇಳುತ್ತೇನೆ ಎಂದು ಅತ್ತೆ ಛತ್ರಿ ಮಡಚಿ ಕಮಾನಿನ ಕಡೆ ತೋರಿಸಿದರು.

ಕೊನೆಯ ಸುತ್ತಿನ ಬಗ್ಗೆ ಹೆಚ್ಚು ನೆನಪಿಲ್ಲ. ನೋವಿತ್ತು. ಅದರ ಮೇಲೆ ನನಗೆ ವಿಪರೀತ ಸಿಟ್ಟೂ ಇತ್ತು. ಇಪ್ಪತ್ತೆರಡು ವರ್ಷದಿಂದ ಆ ಫೋಟೋದ ಧೂಳು ಒರೆಸುತ್ತಿರುವವಳು ನಾನು, ನನಗೆ ಒಂದು ಮಾತು ಹೇಳದೆ ಈ ಬಿಸಿಲಿನಲ್ಲಿ ಐದು ಕಿಲೋಮೀಟರ್ ಓಡಿಸುತ್ತಿದ್ದಾರಲ್ಲ ಎಂದು ಬೈದುಕೊಳ್ಳುತ್ತಾ ಓಡಿದೆ. ಹಳ್ಳಿಯ ರಸ್ತೆ ಮುಗಿದು ಏರಿ ಹತ್ತುವಾಗ ಜೀಪು ಕಂಡಿತು. ಹೋದ ಸಲ ನಿಂತಿದ್ದ ಜಾಗದಲ್ಲೇ ನಿಂತಿತ್ತು, ಸೀಟಿಯವರು ಬಾನೆಟ್ಟಿಗೆ ಒರಗಿ ಗಡಿಯಾರ ನೋಡುತ್ತಿದ್ದರು. ನನ್ನನ್ನು ನೋಡಿದರು, ಸೀಟಿಯನ್ನು ಬಾಯಿಗೆ ಇಡಲಿಲ್ಲ. ಇನ್ನೂ ಟೈಮಿದೆ ಮೇಡಂ ಎಂದು ದಾರಿ ಬಿಟ್ಟರು. ಅಲ್ಲಿಂದ ಕಮಾನಿನ ತನಕ ನಾನು ಓಡಿದ ಹಾಗೆ ಯಾವತ್ತೂ ಓಡಿಲ್ಲ.

ಕಮಾನಿನ ಕೆಳಗೆ ಹಾದು ಗುಂಡಿ ಒತ್ತಿದೆ. ಸ್ವಲ್ಪವೇ ಹೊತ್ತು ಉಳಿದಿತ್ತು, ಆದರೆ ಉಳಿದಿತ್ತು. ನನ್ನ ಗಂಡ ಬಾಳೆಹಣ್ಣು ಸುಲಿಯುವುದನ್ನೂ ಮರೆತು ನನ್ನನ್ನು ಹಿಡಿದುಕೊಂಡರು. ನಾನು ಅವರ ಭುಜದ ಮೇಲಿಂದ ಅತ್ತೆಯನ್ನೇ ನೋಡಿದೆ. ಅತ್ತೆ ಅವಸರ ಮಾಡದೆ ಬಂದು, ಸೆರಗಿನಿಂದ ನನ್ನ ಮುಖ ಒರೆಸಿದರು.

"ಸಿಗ್ಲಿಲ್ಲ," ಎಂದರು. "ಮೇಷ್ಟ್ರು ನಿಮ್ಮಾವನ್ನ ಹುಡುಕಿ ಕರ್ಕೊಂಡು ಬರೋಷ್ಟರಲ್ಲಿ ಮುಹೂರ್ತ ಮೀರಿತ್ತು. ಎಲ್ರೂ ಎದ್ದು ಹೊರಟಿದ್ರು. ನಾನು ಹಸೆಮಣೆ ಬಿಟ್ಟು ಏಳಲಿಲ್ಲ. ಪುರೋಹಿತ್ರೇ, ಇನ್ನೊಂದು ಮುಹೂರ್ತ ನೋಡಿ ಅಂದೆ. ಮಧ್ಯಾಹ್ನಕ್ಕೆ ಒಂದು ಸಿಕ್ತು."

ಆಮೇಲೆ ಮಡಚಿದ ಛತ್ರಿಯಿಂದ ಗಡಿಯಾರದ ಕಡೆ, ಸೀಟಿಯವರ ಕಡೆ ತೋರಿಸಿದರು.

"ನಿಮ್ಮಾವಂಗೆ ಇನ್ನೊಂದು ನೋಡಿಸೋಕೆ ನಾನಿದ್ದೆ. ಇವ್ರು ನಿಂಗೆ ಇನ್ನೊಂದು ಹೊತ್ತು ನೋಡ್ತಿದ್ರಾ? ಅದಕ್ಕೇ ಓಡಿಸ್ದೆ."

ನನಗೆ ಸಿಟ್ಟು ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆಯ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಜನ ನೋಡ್ತಾರೆ ಏಳು, ಪುಳಿಯೋಗರೆ ಒಣಗ್ತಾ ಇದೆ ಎಂದರು.

ಊರಿಗೆ ಬಂದು ಎರಡು ದಿನ ಬಿಟ್ಟು, ಬೆಳಗ್ಗೆ ಸುಮ್ಮನೆ ಕಾಲು ಸಡಿಲ ಮಾಡಿಕೊಳ್ಳಲು ಹೊರಟೆ. ಎನ್.ಆರ್. ಕಾಲೋನಿಯ ಮೂಲೆಯಲ್ಲಿ ಮೇಷ್ಟ್ರು ನನ್ನನ್ನು ನೋಡಿ, ಕಲ್ಲುಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಹೆಬ್ಬೆರಳು ಹಳೆಯ ಅಭ್ಯಾಸಕ್ಕೆ ವಾಚಿನ ಕಡೆ ಹೋಯಿತು. ಗುಂಡಿ ಒತ್ತಲಿಲ್ಲ. ಅದು ಓಡುತ್ತಿರಲಿ ಎಂದು ಬಿಟ್ಟು, ಅವರ ಪಕ್ಕ ಕೂತು, ಆ ದಿನ ಕಾಟನ್‌ಪೇಟೆಯಲ್ಲಿ ಮಾವ ಸಿಕ್ಕಾಗ ಏನು ಹೇಳಿದರು ಎಂದು ಮೊದಲಿನಿಂದ ಕೇಳಿದೆ.